ಪರದೆಯ ಎಡ ಅರ್ಧ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಿದ್ದರು. ಸುಳ್ಳಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಚೀಲವನ್ನು ಒಂದು ಗೇಣು ಸರಿಸಿದರೂ ನನಗೆ ಉರಿಯುತ್ತಿತ್ತು. ಅಂಥವಳ ಕಂಪ್ಯೂಟರ್ ಪರದೆಯನ್ನೇ ಯಾರೋ ದಿನಾ ಅಸ್ತವ್ಯಸ್ತ ಮಾಡಿ ಹೋದರೆ ಹೇಗಿದ್ದೀತು, ನೀವೇ ಹೇಳಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಬಸ್ಸು ಹಿಡಿದು ಮಣಿಪಾಲಕ್ಕೆ ಬಂದು, ಎಂಜಿನಿಯರಿಂಗ್ ಕಾಲೇಜಿನ ಒಂದು ಲ್ಯಾಬಿನ ಯುನಿಕ್ಸ್ ಯಂತ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರ ದೊಡ್ಡ ಪರದೆಯ ಮೇಲೆ ಏಕಕಾಲಕ್ಕೆ ನಾಲ್ಕೈದು ಕಿಟಕಿ ತೆರೆಯಬಹುದಿತ್ತು. ಯಾವ ಕಿಟಕಿ ಎಲ್ಲಿರಬೇಕು, ಅಂಚು ಎಷ್ಟು ದಪ್ಪವಿರಬೇಕು, ಮೌಸಿನ ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳಲು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ಪ್ರೋಗ್ರಾಂ. ಯಂತ್ರದ ಜೊತೆ ಕೊಟ್ಟ ಪ್ರೋಗ್ರಾಂಗಳ ಟೇಪಿನಲ್ಲಿ ಅಂಥವು ಎರಡು ಬಂದಿದ್ದವು. ಹಳೆಯದರಲ್ಲಿ ಕಿಟಕಿಗಳಿಗೆ ಹೆಸರೇ ಇಲ್ಲ. ಹೊಸದು ಪ್ರತಿ ಕಿಟಕಿಯ ನೆತ್ತಿಗೆ ಹೆಸರಿನ ಪಟ್ಟಿ ಕಟ್ಟುತ್ತಿತ್ತು. ಒಂದೊಂದು ವಾರ ಎರಡನ್ನೂ ಬಳಸಿ ನೋಡಿ ಹೊಸದನ್ನು ಆರಿಸಿಕೊಂಡೆ.

ಆಮೇಲೆ ಶುರುವಾಯಿತು ನನ್ನ ಹುಚ್ಚು. ಅದರ ಎಲ್ಲ ಹೊಂದಿಕೆಗಳೂ ಒಂದು ಸಾದಾ ಫೈಲಿನಲ್ಲಿರುತ್ತಿದ್ದವು; ಸಾಲು ತಿದ್ದಿದರೆ ಪರದೆ ಬದಲಾಗುತ್ತಿತ್ತು. ಕೂದಲೆಳೆಯಂಥ ಅಂಚು, ಸಣ್ಣ ಅಕ್ಷರ, ಬಲ ಮೂಲೆಯಲ್ಲಿ ಗಡಿಯಾರ, ಅದರ ಕೆಳಗೆ ಪತ್ರಗಳ ಕಿಟಕಿ. ಅಮ್ಮ ಅಡುಗೆಮನೆಯಲ್ಲಿ ಡಬ್ಬಗಳನ್ನು ಜೋಡಿಸಿಟ್ಟ ಹಾಗೆ ಜೋಡಿಸಿ, ಬಸ್ಸು ತಪ್ಪುವವರೆಗೂ ನೋಡುತ್ತಾ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಬಂದು ನೋಡಿದರೆ ಕಿಟಕಿಗಳೆಲ್ಲ ಎಡಗಡೆಗೆ ಒತ್ತರಿಸಿ ನಿಂತಿವೆ. ಬೆರಳು ದಪ್ಪದ ಅಂಚು, ಅಂಗಡಿ ಬೋರ್ಡಿನಂಥ ಅಕ್ಷರ. ಬಲ ಅರ್ಧ ಹಡಿಲು ಬಿದ್ದ ಗದ್ದೆಯ ಹಾಗೆ ಖಾಲಿ. ನನ್ನ ಪಿತ್ತ ನೆತ್ತಿಗೇರಿತು. ವಿಭಾಗಕ್ಕೆಲ್ಲ ಒಂದೇ ಲಾಗಿನ್ ಇದ್ದುದರಿಂದ ಯಾರು ಮಾಡಿದ್ದೆಂದು ತಿಳಿಯುವಂತಿರಲಿಲ್ಲ. ಸರಿಪಡಿಸಿದೆ. ಮರುದಿನ ಮತ್ತೆ ಅದೇ ಅವತಾರ.

ಆ ಫೈಲಿನಲ್ಲಿ ಒಂದು ಚಿಹ್ನೆ ಹಾಕಿ ಬರೆದ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿದೆ: ‘ದಯವಿಟ್ಟು ಮುಟ್ಟಬೇಡಿ.’ ಮರುದಿನ ಅದರ ಕೆಳಗೆ ಉತ್ತರವಿತ್ತು: ‘ಮುಟ್ಟದೆ ನಿರ್ವಾಹವಿಲ್ಲ. ಕ್ಷಮಿಸಿ.’ ನಾನು ‘ನಿಮಗೆ ಬೇರೆ ಕೆಲಸ ಇಲ್ಲವೇ?’ ಎಂದು ಬರೆದೆ. ‘ಉಂಟು, ಅದಕ್ಕೇ ಮುಟ್ಟುವುದು’ ಎಂದು ಉತ್ತರ ಬಂತು. ಎಂತಹ ಸೊಕ್ಕು! ಯಾರೋ ಕೊನೇ ವರ್ಷದ ಹುಡುಗರ ಕಿತಾಪತಿ ಇದು ಎಂದುಕೊಂಡೆ. ಯಂತ್ರದ ಮೇಲ್ವಿಚಾರಕಿಯ ಪಾಸ್‌ವರ್ಡ್ ನನ್ನಲ್ಲಿತ್ತಲ್ಲ, ಇನ್ನು ಯಾರೂ ತಿದ್ದಲಾಗದಂತೆ ಫೈಲಿಗೆ ಬೀಗ ಜಡಿದುಬಿಟ್ಟೆ.

ಒಂದು ವಾರ ಪರದೆ ನನ್ನ ಇಷ್ಟದ ಹಾಗೇ ಇತ್ತು. ಗೆದ್ದೆನೆಂದು ಬೀಗುತ್ತಿದ್ದೆ. ಆಗ ಅಂಬಲಪಾಡಿಯಿಂದ ಬರುತ್ತಿದ್ದ ನಮ್ಮ ಹಿರಿಯ ಅಟೆಂಡರ್ ಕಸ ಗುಡಿಸುತ್ತಾ, “ಸರ್ವೇ ಪಾಠ ಮಾಡುವ ಸರ್ ಈಗ ಬರುವುದೇ ಇಲ್ಲ ಅಲ್ವಾ ಮೇಡಂ?” ಎಂದರು.

“ಇಲ್ಲಿಗಾ? ಯಾವಾಗ ಬರ್ತಿದ್ದರು?”

“ದಿನಾ ಬೆಳಿಗ್ಗೆ ಏಳಕ್ಕೆ. ನೀವು ಬರುವಾಗ ಹೋಗಿ ಆಗ್ತದೆ. ಕಾಪುವಿನ ಕಡಲಿನದ್ದು ಎಂತದೋ ನಕ್ಷೆ. ಪಾಪ, ದಿನಾ ಈ ಬಾಗಿಲಿಗೆ ಬಲಭುಜ ಹೊಡ್ಕೊಂಡೇ ಒಳಗೆ ಬರುವುದು. ಆ ಬದಿ ಕಾಣ್ಲಿಕ್ಕಿಲ್ಲ ಅಂತ ಕಾಣ್ತದೆ.”

ನಾನು ಪರದೆ ನೋಡಿದೆ. ಬೀಗ ಹಾಕುವ ಮೊದಲು ದಿನಾ ಬೆಳಿಗ್ಗೆ ಅದು ಇರುತ್ತಿದ್ದ ರೀತಿ ನೆನಪಾಯಿತು: ಎಡಕ್ಕೆ ಒತ್ತರಿಸಿದ ಕಿಟಕಿಗಳು, ದಪ್ಪ ಅಂಚು, ದೊಡ್ಡ ಅಕ್ಷರ, ಖಾಲಿ ಬಿಟ್ಟ ಬಲ ಅರ್ಧ. ಅಯ್ಯೋ ದೇವರೇ! ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎಂದು ಅಮ್ಮ ಹೇಳುತ್ತಿದ್ದ ಮಾತು ಆ ಕ್ಷಣ ನನಗೆ ತಾಗಿದಷ್ಟು ಎಂದೂ ತಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಸರ್ ಕಡಲ ದಂಡೆಯಲ್ಲೇ ಇರುತ್ತಾರೆ ಎಂದು ಅಟೆಂಡರ್ ಹೇಳಿದ್ದರಿಂದ ಕಾಪುವಿಗೆ ಹೋದೆ. ಸರ್ ದೀಪಸ್ತಂಭದ ಬಂಡೆಯ ಹತ್ತಿರ ಅಳತೆ ಟೇಪಿನ ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಅಲೆ ಬಂದು ನಿಲ್ಲುವ ಗೆರೆಯವರೆಗೆ ಒಬ್ಬರೇ ಎಳೆಯುತ್ತಿದ್ದರು. ನಾನು ಬಲಗಡೆಯಿಂದ ಹೋದೆ. ಪಕ್ಕದಲ್ಲೇ ನಿಂತರೂ ಅವರಿಗೆ ಗೊತ್ತಾಗಲಿಲ್ಲ. ಎಡಕ್ಕೆ ಬಂದು, “ಸರ್, ಆ ಫೈಲಿಗೆ ಬೀಗ ಹಾಕಿದ್ದು ನಾನು” ಎಂದೆ.

“ಗೊತ್ತುಂಟು ಮಾರಾಯ್ತಿ. ನಿನ್ನ ಒಪ್ಪ ಓರಣ ಹಾಳು ಮಾಡಿದ್ದು ನಾನೇ ಅಲ್ವಾ?”

“ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಸರ್!” ಕ್ಷಮೆ ಕೇಳಲು ಹೋದವಳು ಅಲ್ಲೂ ರೇಗಿದೆ. ಕಣ್ಣಲ್ಲಿ ನೀರು ಬಂದಿತ್ತು.

ಅವರು ನಕ್ಕರು. “ಎಂತ ಹೇಳುವುದು? ಬಲಗಣ್ಣು ಹೋಗಿಯೇ ಆಯ್ತು. ಎಡದ್ದೂ ಬದಿಯಿಂದ ಹೋಗ್ತಾ ಉಂಟು, ನಿಲ್ಲಿಸಲಿಕ್ಕೆ ಆಗುವುದಿಲ್ಲ ಅಂದರು ಡಾಕ್ಟ್ರು. ಹದಿನೆಂಟು ವರ್ಷ ಈ ದಂಡೆ ಅಳೆದಿದ್ದೇನೆ. ಕಾಣುವಾಗಲೇ ನಕ್ಷೆ ಮಾಡದಿದ್ದರೆ ಇದೆಲ್ಲ ಬರೀ ನೋಟು ಪುಸ್ತಕ. ನನ್ನ ಕೈಬರಹ ಬೇರೆ ಯಾರಿಗೂ ಓದ್ಲಿಕ್ಕೆ ಬರುವುದಿಲ್ಲ.”

ಸೋಮವಾರ ನಾನು ಮೊದಲ ಬಸ್ಸಿಗೇ ಬಂದೆ. ಒಂದು ಫೈಲನ್ನು ಎರಡು ಮಾಡಿದೆ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಎರಡು ಹೆಸರು ಸೇರಿಸಿದೆ: ಕಾರ್ಕಳ ಎಂದರೆ ನನ್ನ ಹೊಂದಿಕೆ, ಕಾಪು ಎಂದರೆ ಅವರದು. ಸರ್ ತಲೆಯಾಡಿಸಿ, “ಅಬ್ಬಾ, ಕಾರ್ಕಳದವರು ರಾಜಿಗೆ ಬಂದ್ರು!” ಎಂದರು.

ಆಮೇಲೆ ದಿನಾ ಏಳಕ್ಕೆ ಇಬ್ಬರೂ ಕೂರುತ್ತಿದ್ದೆವು. ಅವರು ಪುಸ್ತಕವನ್ನು ಎಡಗಣ್ಣಿಗೆ ಹಿಡಿದು ಓದುತ್ತಿದ್ದರು, ನಾನು ಕುಟ್ಟುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಅವರು ಪರದೆಯ ಮೇಲೆ ಬೆರಳಿಟ್ಟು, “ಈಗ ಇಲ್ಲಿವರೆಗೆ” ಎನ್ನುತ್ತಿದ್ದರು. ನಾನು ಕಾಪು ಫೈಲಿನ ಅಂಕೆ ತಿದ್ದಿ ಕಿಟಕಿಯನ್ನು ಅಷ್ಟು ಕಿರಿದು ಮಾಡುತ್ತಿದ್ದೆ. ಬೆರಳು ಪ್ರತಿ ಸಲವೂ ಎಡಕ್ಕೇ ಸರಿಯುತ್ತಿತ್ತು. ಒಂದು ಸಲ ಸರಿಯಲಿಲ್ಲ. ಆ ದಿನ ನಾನು ಮಧ್ಯಾಹ್ನ ಅವರಿಗೆ ಬನ್ಸು ಕೊಡಿಸಿದೆ.

ಅವರು ನಿವೃತ್ತರಾಗುವ ತಿಂಗಳಿನಲ್ಲಿ ನಕ್ಷೆ ಮುಗಿಯಿತು. ಅಷ್ಟರಲ್ಲಿ ಕಿಟಕಿ ಒಂದು ಅಂಗೈ ಅಗಲಕ್ಕೆ ಬಂದಿತ್ತು. ನಾನು ನಕ್ಷೆಯನ್ನು ಅದರೊಳಗೆ ನಿಧಾನವಾಗಿ ಸರಿಸುತ್ತಾ ಹೋದೆ. ದಂಡೆಯ ಗೆರೆ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಅವರ ಕಣ್ಣ ಮುಂದೆ ಹಾದು ಹೋಯಿತು. “ಇನ್ನೊಮ್ಮೆ” ಎಂದರು. ಇನ್ನೊಮ್ಮೆ ಸರಿಸಿದೆ. “ಸಾಕು. ಇನ್ನು ನಿನ್ನ ಕಾರ್ಕಳವನ್ನೇ ಇಟ್ಟುಕೋ” ಎಂದು ಎದ್ದರು. ಬಾಗಿಲಿಗೆ ಭುಜ ತಾಗದಂತೆ ನಾನು ಬಲಗಡೆ ನಡೆದೆ.

ಅವರು ಹೋದ ಮೇಲೆ ನನ್ನ ಹೊಂದಿಕೆ ಹಾಕಿಕೊಂಡೆ. ಗಡಿಯಾರ, ಪತ್ರ ಎಲ್ಲವೂ ಬಲಗಡೆ ತಮ್ಮ ತಮ್ಮ ಜಾಗದಲ್ಲಿ ಕೂತವು. ನನ್ನಿಂದ ಒಂದು ಗಂಟೆಯೂ ಕೆಲಸ ಮಾಡಲಾಗಲಿಲ್ಲ. ಅಲ್ಲಿಟ್ಟರೆ ಸರ್‌ಗೆ ಕಾಣುವುದಿಲ್ಲವಲ್ಲ ಎಂದು ಒಂದೊಂದನ್ನೇ ಎಡಕ್ಕೆ ಎಳೆದುಕೊಂಡೆ.