ಕಾರಿನೊಳಗೆ ಸಿಕ್ಕಿಕೊಂಡ ಡೆನ್ಮಾರ್ಕಿನ ದುಃಖ

ನಾನು ಕೊಂಡ ಮೊದಲ ಕಾರಿನ ಪ್ಲೇಯರಿನಲ್ಲಿ ಒಂದು ಸಿ.ಡಿ. ಸಿಕ್ಕಿಕೊಂಡಿತ್ತು. ಕಾರು ಹಳೆಯದು, ಬ್ರೋಕರ್ ಕೈಯಿಂದ ಬಂದದ್ದು. ಹಿಂದಿನ ಯಜಮಾನ ಯಾರೆಂದು ನಾನು ವಿಚಾರಿಸಿರಲಿಲ್ಲ. ಕೀ ತಿರುಗಿಸಿದ ಕೂಡಲೇ ಹಾಡು ಶುರುವಾಗುತ್ತಿತ್ತು. ಆಫ್ ಮಾಡುವ ಬಟನ್ ಸತ್ತುಹೋಗಿತ್ತು, ರೇಡಿಯೊ ಬರುತ್ತಿರಲಿಲ್ಲ. ವಾಲ್ಯೂಮ್ ಪೂರ್ತಿ ಇಳಿಸಿದರೂ ಒಂಚೂರು ಉಳಿಯುತ್ತಿತ್ತು. ಆಗ ಡಿಕ್ಕಿಯಲ್ಲಿ ಯಾರೋ ಕೂತು ಅಳುತ್ತಿದ್ದಾರೆ ಅನ್ನಿಸುತ್ತಿತ್ತು. ಅದಕ್ಕಿಂತ ಜೋರಾಗಿ ಕೇಳುವುದೇ ವಾಸಿ.

ಆಗ ನಾವು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೆವು. ನನ್ನ ಕೆಲಸ ದುಬೈನ ಸಿಲಿಕಾನ್ ಓಯಸಿಸ್‌ನಲ್ಲಿ. ಬೆಳಿಗ್ಗೆ ಒಂದು ಗಂಟೆಗೂ ಮೀರಿದ ದಾರಿ, ಸಂಜೆ ಮತ್ತೆ ಅಷ್ಟೇ. ನನ್ನ ಜೊತೆ ಇಬ್ಬರು ಬರುತ್ತಿದ್ದರು. ಒಬ್ಬರು ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್ ಹೆಂಗಸು, ಒಂದು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ನಾವು ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಇನ್ನೊಬ್ಬರು ಗದಗದ ಕಡೆಯ ಸಿವಿಲ್ ಇಂಜಿನಿಯರ್. ಅವರು ಎಲ್ಲರಿಗೂ ಬರೀ ಸರ್. ಮೂವರೂ ಒಂದೇ ವಿಲ್ಲಾವನ್ನು ಭಾಗ ಮಾಡಿದ ಮನೆಗಳಲ್ಲಿ ಬಾಡಿಗೆಗಿದ್ದವರು.

ಮೊದಲ ದಿನವೇ ಬಾಯಮ್ಮ ಕಿವಿ ಮುಚ್ಚಿಕೊಂಡರು.

"ಎಂತ ಮಾರಾಯ್ತಿ ಇದು? ಇವನಿಗೆ ಹೊಟ್ಟೆನೋವಾ?"

ನನಗೂ ಗೊತ್ತಿರಲಿಲ್ಲ. ಹಾಡುವವನು ಇಂಗ್ಲಿಷಿನಲ್ಲೇ ಹಾಡುತ್ತಿದ್ದ, ಆದರೆ ಬಾಯಿ ತೆರೆಯದೆ ಹಾಡುತ್ತಿದ್ದ. ಹಿಂದಿನಿಂದ ದಪ್ಪ ತಂತಿಯ ಗಿಟಾರೊಂದು ಎರಡೇ ಸ್ವರ ಹಿಡಿದುಕೊಂಡು ಡುಂ ಡುಂ ಎಂದು ನಡೆಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಪದಗಳು ಒಂದೊಂದಾಗಿ ಕೈಗೆ ಸಿಕ್ಕವು. ಒಂದು ಹಾಡಿನಲ್ಲಿ ಅವನು ಕನ್ನಡಿಯ ಮುಂದೆ ನಿಂತು ತನ್ನ ಕೈಯನ್ನೇ ನೋಡುತ್ತ, ಇದು ಯಾರ ಕೈ ಎಂದು ಕೇಳುತ್ತಾನೆ.

"ಅವನದೇ ಅಲ್ವಾ? ಮತ್ತೆ ಪಕ್ಕದ ಮನೆಯವರದ್ದಾ?" ಎಂದರು ಬಾಯಮ್ಮ.

ಇನ್ನೊಂದು ಹಾಡಿನಲ್ಲಿ ಅವನು ತೆರೆದ ಬಾಗಿಲ ಹತ್ತಿರ ನಿಂತಿರುತ್ತಾನೆ. ಹೋಗಲೂಬಹುದು, ಇರಲೂಬಹುದು. ಯಾರ ತಡೆಯೂ ಇಲ್ಲ, ಅದೇ ಅವನ ಸಂಕಟ. ಆರು ನಿಮಿಷ ಹಾಗೇ ನಿಂತಿರುತ್ತಾನೆ. ಸರ್‌ಗೆ ಈ ಹಾಡು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಹೋಗೋದಿದ್ರ ಹೋಗ್ಲಿ, ಇಲ್ಲಂದ್ರ ಒಳಗ ಬಂದು ಕುಂದ್ರಲಿ. ಬಾಗಲಾ ತಗದು ನಿಂತ್ರ ಏಸಿ ಎಲ್ಲಾ ಹೊರಗ ಹೊಕ್ಕೈತಿ ನೋಡ್ರಿ ಅಕ್ಕಾರ!"

ಹೀಗೆ ಅವರು ಹಾಡುಗಾರನಿಗೆ ದಿನವೂ ಉತ್ತರ ಕೊಡತೊಡಗಿದರು. ಅವನು ಬದುಕಿಗೆ ಏನರ್ಥ ಎಂದು ಕೇಳಿದರೆ, "ಮೊದಲು ಉಂಡಿಯೋ ಇಲ್ಲೋ ಹೇಳು" ಎನ್ನುವರು. ಸತ್ತ ಮೇಲೆ ನನ್ನನ್ನು ಯಾರು ನೆನೆಯುತ್ತಾರೆ ಎಂದು ಅವನು ನರಳಿದರೆ, "ಎಲ್ಲಾರೂ ಹೋಗೋರ ಅದೀವಿ, ಒದರಬ್ಯಾಡ" ಎಂದು ಡ್ಯಾಶ್‌ಬೋರ್ಡಿಗೆ ಬೆರಳು ತೋರಿಸಿ ಗದರುವರು. ನಾವು ಅವನಿಗೆ ಬೇಜಾರಪ್ಪ ಎಂದು ಹೆಸರಿಟ್ಟೆವು. ಬಾಯಮ್ಮ ಬೈಯುವುದನ್ನು ನಿಲ್ಲಿಸಿ, ತಮ್ಮ ರೋಸರಿ ಪ್ರಾರ್ಥನೆಯಲ್ಲಿ ಅವನಿಗೂ ಒಂದು ಜಾಗ ಕೊಟ್ಟರು. "ಪಾಪ, ಅವನಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಅಂತ ಕಾಣ್ತದೆ."

ಒಂದು ಬೆಳಿಗ್ಗೆ ದಟ್ಟ ಮಂಜು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಮೆಲ್ಲಗೆ ಹೋಗುತ್ತಿದ್ದೆ. ಆ ದಿನ ಸರ್ ಬೇಜಾರಪ್ಪನಿಗೆ ಉತ್ತರ ಕೊಡಲಿಲ್ಲ. ನಮ್ಮ ಕಡೆ ತಿರುಗಿ, "ಅಂವಾ ಕೇಳೋದು ಖರೇ ಐತ್ರಿ. ಇಷ್ಟು ವರ್ಷ ಇಷ್ಟು ಬಿಲ್ಡಿಂಗ್ ಕಟ್ಟಿದೆ. ಒಂದರಾಗ ಒಳಗ ಹೋಗ್ತೀನಂದ್ರ ಸೆಕ್ಯೂರಿಟಿಯಂವ ಬಿಡೂದಿಲ್ಲ" ಎಂದರು. ಬಾಯಮ್ಮ ಚೀಲದಿಂದ ಚಕ್ಕುಲಿ ಡಬ್ಬ ತೆಗೆದು ಅವರ ಮುಂದೆ ಹಿಡಿದರು. ಸರ್ ಮೂರು ಚಕ್ಕುಲಿ ತಿಂದರು. ಅಷ್ಟರಲ್ಲಿ ಮಂಜೂ ಕರಗಿತು, ಅವರು ಮತ್ತೆ ಬಾಗಿಲ ಹಾಡಿಗೆ ಬೈಯತೊಡಗಿದರು.

ಬೇಸಿಗೆಯಲ್ಲಿ ಕಾರಿನ ಏಸಿ ಕೈಕೊಟ್ಟಿತು. ರಜೆಯ ದಿನ ಮೂವರೂ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿಗೆ ಹೋದೆವು. ಮಲಯಾಳಿ ಮೆಕ್ಯಾನಿಕ್ ಏಸಿ ಸರಿಮಾಡಿ, ಕಾರು ಸ್ಟಾರ್ಟ್ ಮಾಡಿದ. ಹಾಡು ಕೇಳಿದವನೇ ಬೆಚ್ಚಿ ಹೊರಗೆ ಜಿಗಿದ. "ಮೇಡಂ, ಇಂಜಿನ್ ಮೇ ಕುಛ್ ಆವಾಜ್ ಹೈ!"

ಅದು ಇಂಜಿನ್ ಅಲ್ಲ, ಸಂಗೀತ ಎಂದು ವಿವರಿಸಿದೆವು. ಅವನು ನಂಬಲಿಲ್ಲ. ಪ್ಲೇಯರನ್ನೇ ಕಿತ್ತು, ತಿರುಪು ಬಿಚ್ಚಿ, ಸಿ.ಡಿ.ಯನ್ನು ಹೊರಗೆಳೆದು, "ಖಲಾಸ್" ಎಂದು ನನ್ನ ಕೈಗಿಟ್ಟ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬ್ಯಾಂಡಿನ ಹೆಸರು, ಕೆಳಗೆ ಡೆನ್ಮಾರ್ಕ್ ಎಂದೂ, ಸಿಕ್ಕಿದವರು ದಯವಿಟ್ಟು ಹಿಂತಿರುಗಿಸಿ ಎಂದೂ ಇಂಗ್ಲಿಷಿನಲ್ಲಿ ಬರೆದು, ಇಲ್ಲಿಯದೇ ಒಂದು ಮೊಬೈಲ್ ನಂಬರ್ ಕೊಟ್ಟಿತ್ತು.

"ಹಚ್ರಿ ಅಕ್ಕಾರ, ಫೋನ್ ಹಚ್ರಿ," ಎಂದರು ಸರ್. "ಅವನ್ನ ಒಮ್ಮಿ ಮುಖಾಮುಖಿ ಕೇಳಬೇಕು."

ಫೋನ್ ಎತ್ತಿದ ಗಂಡಸು ಸಿ.ಡಿ. ಎಂದ ಕೂಡಲೇ ಜೋರಾಗಿ ನಕ್ಕ. ಹತ್ತಿರದಲ್ಲೇ ಇದ್ದೇನೆ, ಬರುತ್ತೇನೆ ಎಂದ.

ಗ್ಯಾರೇಜಿನ ಪಕ್ಕದ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತ ಕಾದೆವು. ಕಪ್ಪು ಬಟ್ಟೆಯ, ಸೊರಗಿದ ಒಬ್ಬ ಮನುಷ್ಯನನ್ನು ನಾನು ನಿರೀಕ್ಷಿಸಿದ್ದೆ. ಬಂದವನು ಹಳದಿ ಟೀ ಶರ್ಟಿನ, ಗುಂಡು ಹೊಟ್ಟೆಯ, ಕೆಂಪು ಕೆನ್ನೆಯ ಮನುಷ್ಯ. ದುಬೈನಲ್ಲಿ ಏಸಿಯ ಬಿಡಿಭಾಗ ಮಾರುವ ಕೆಲಸ. ಎರಡೇ ಸ್ವರದ ಆ ದಪ್ಪ ತಂತಿಯ ಗಿಟಾರ್ ಬಾರಿಸಿದವನು ತಾನೇ ಎಂದ. ಕಾರೂ ಅವನದೇ ಆಗಿತ್ತು. ಸಿ.ಡಿ. ತೆಗೆಯಲು ಬೆಣ್ಣೆ ಸವರುವ ಚಾಕು ಹಾಕಿ, ಆಫ್ ಬಟನ್ ಹಾಳುಮಾಡಿದವನೂ ಅವನೇ. ಕೊನೆಗೆ ಹೆಂಡತಿ ಆ ಕಾರಿನಲ್ಲಿ ಕೂರುವುದಿಲ್ಲ ಎಂದು ಹಟ ಹಿಡಿದದ್ದರಿಂದ ಕಾರನ್ನೇ ಮಾರಿದನಂತೆ.

ತಮ್ಮದು ಪೋಸ್ಟ್-ಪಂಕ್ ಸಂಗೀತ ಎಂದ.

"ಪೋಸ್ಟ್ ಅಂದ್ರ ಟಪಾಲೇನ್ರಿ?" ಎಂದು ಸರ್ ನನ್ನನ್ನು ಕೇಳಿದರು. ನಾನು ಅವನನ್ನು ಕೇಳಿದೆ. ಪಂಕ್ ಎಂದರೆ ಸಿಟ್ಟು, ಸಿಟ್ಟು ಮುಗಿದ ಮೇಲೆ ಉಳಿಯುವುದು ಪೋಸ್ಟ್-ಪಂಕ್ ಎಂದು ಅವನು ವಿವರಿಸಿದ. "ಹಂಗಂದ್ರ ಪಂಕ್ಚರ್ ಆದ ಮ್ಯಾಲಿನ ಸಂಗೀತ," ಎಂದು ಸರ್ ತಲೆಯಾಡಿಸಿದರು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ತಮ್ಮ ಇಂಗ್ಲಿಷಿನಲ್ಲೇ ಕೇಳಿದರು: ಬದುಕಿಗೆ ಅರ್ಥವಿದೆಯೋ ಇಲ್ಲವೋ, ನೀವು ಕೊನೆಗೆ ಏನು ತೀರ್ಮಾನ ಮಾಡಿದಿರಿ?

ಅವನು ಚಹಾ ಲೋಟ ಕೆಳಗಿಟ್ಟು ಗಂಭೀರನಾದ. ನಮಗೆಲ್ಲ ಆಗ ಹತ್ತೊಂಬತ್ತು ವರ್ಷ, ಎಂದ. ಚಳಿಗಾಲ, ಮಧ್ಯಾಹ್ನಕ್ಕೇ ಕತ್ತಲೆ. ಅಭ್ಯಾಸ ಮಾಡುತ್ತಿದ್ದ ಕೋಣೆಯ ಹೀಟರ್ ಕೆಟ್ಟಿತ್ತು. ಬೆರಳು ಮರಗಟ್ಟಿ ಎರಡು ಸ್ವರಕ್ಕಿಂತ ಹೆಚ್ಚು ಬಾರಿಸಲು ಆಗುತ್ತಿರಲಿಲ್ಲ. ಕೈ ಯಾರದೆಂಬ ಹಾಡು ಹುಟ್ಟಿದ್ದೂ ಹಾಗೆಯೇ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಮೇಲೆ ಮನೆಯೊಡೆಯ ಹೀಟರ್ ರಿಪೇರಿ ಮಾಡಿಸಿದ. ಆಮೇಲೆ ಒಂದು ಹಾಡೂ ಹುಟ್ಟಲಿಲ್ಲ. ಬ್ಯಾಂಡ್ ಒಡೆಯಿತು.

ಸರ್ ಇನ್ನೊಂದು ಚಹಾ ತರಿಸಿ ಅವನ ಮುಂದಿಟ್ಟರು.

"ಹಾಡ್ತಾ ಇದ್ದವನು ಈಗ ಹೇಗಿದ್ದಾನೆ ಕೇಳು ಮಾರಾಯ್ತಿ," ಎಂದರು ಬಾಯಮ್ಮ.

ಅವನು ಊರಲ್ಲಿ ಹಲ್ಲಿನ ಡಾಕ್ಟರ್, ಮೂರು ಮಕ್ಕಳು, ಬಹಳ ನಗುತ್ತಾನೆ ಎಂಬ ಉತ್ತರ ಬಂತು.

"ಹಾಗಾದ್ರೆ ನಾನು ಇಷ್ಟು ದಿನ ಪ್ರಾರ್ಥನೆ ಮಾಡಿದ್ದು?" ಬಾಯಮ್ಮ ಒಂದು ಗಳಿಗೆ ಪೆಚ್ಚಾದರು. ಮರುಗಳಿಗೆಯಲ್ಲೇ ಮುಖ ಅರಳಿತು. "ನೋಡು, ಫಲಿಸಿದೆ!"

ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಶುಕ್ರವಾರ ಅವರ ತಂಗಿಯ ಮಗನ ರೋಸ್ ಇತ್ತು, ಅಂದರೆ ಮದುವೆಗೆ ಮುಂಚೆ ಮದುಮಗನಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಗಿಟಾರ್ ಬಾರಿಸಬೇಕಾದವನು ರಜೆಗೆ ಊರಿಗೆ ಹೋಗಿದ್ದ. "ಇವನನ್ನೇ ಬರಲಿಕ್ಕೆ ಹೇಳು. ಎರಡು ಸ್ವರ ಆದರೂ ಸಾಕು."

ಅವನು ಬಂದ. ನಮ್ಮ ವಿಲ್ಲಾದ ಅಂಗಳದಲ್ಲಿ, ಬಿಸಿಲಿಳಿದ ಮೇಲೆ, ಶಾಮಿಯಾನದ ಕೆಳಗೆ, ಕೊಂಕಣಿ ಕುಣಿತದ ಹಾಡುಗಳಿಗೆ ಅದೇ ಡುಂ ಡುಂ ಬಾರಿಸಿದ. ಮೊದಲಿಗೆ ಜನ ಅನುಮಾನದಿಂದ ನಿಂತರು. ಮದುಮಗ ತನ್ನ ಮದುವೆಯ ಬಗ್ಗೆಯೇ ಯೋಚನೆಗೆ ಬಿದ್ದವನ ಹಾಗೆ ಕಂಡ. ಆದರೆ ಮೂರನೆಯ ಹಾಡಿನ ಹೊತ್ತಿಗೆ ಮುದುಕಿಯರೂ ಎದ್ದರು. ಸರ್ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ಕುಣಿದರು. ತೆಂಗಿನಹಾಲು ಉಳಿದಿತ್ತು. ಯಾರೋ ಅದನ್ನು ಡೆನ್ಮಾರ್ಕಿನವನ ಬೋಳು ತಲೆಗೆ ಸುರಿದರು. ಅವನು ಬಾರಿಸುವುದನ್ನು ನಿಲ್ಲಿಸಲಿಲ್ಲ, ನಾಲಿಗೆ ಚಾಚಿ ರುಚಿ ನೋಡಿದ. ಊಟಕ್ಕೆ ಕೂತಾಗ ಇಡ್ಲಿಯಂಥ ಎಂಟು ಸಾನ್ನ ತಿಂದ.

ಆಮೇಲೆ ಎರಡು ವರ್ಷ ಅಬುಧಾಬಿಯ ಕೊಂಕಣಿ ಸಮಾರಂಭಗಳಿಗೆ ಅವನಿಗೆ ಕರೆ ತಪ್ಪಲಿಲ್ಲ. ಸರ್ ಅಂಥದ್ದೇ ಒಂದು ಗಿಟಾರ್ ಕೊಂಡು ಅವನ ಹತ್ತಿರ ಪಾಠಕ್ಕೆ ಸೇರಿದರು. ಶುಕ್ರವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಡುಂ ಡುಂ ಕೇಳುತ್ತಿತ್ತು. ಎರಡು ಸ್ವರ ಕಲಿತರು. ಮೂರನೆಯದಕ್ಕೆ ಅವರ ಹೆಂಡತಿ ಅವಕಾಶ ಕೊಡಲಿಲ್ಲ.