ನಮ್ಮ ಅಟ್ಟದಲ್ಲಿ ಇಲಿಗಳಿದ್ದವು

ನಮ್ಮ ಮನೆಯ ಅಟ್ಟ ಹತ್ತುವವರ ಕಾಲು ಒದ್ದೆಯಿರಬಾರದು, ತಲೆಗೆ ಎರೆದುಕೊಂಡ ದಿನವಾದರೆ ಕೂದಲು ಪೂರ್ತಿ ಒಣಗಿರಬೇಕು, ಕೈಯಲ್ಲಿ ಕುಡಿಯುವ ನೀರಿನ ಚೊಂಬು ಕೂಡ ಇರಕೂಡದು. ಇದು ನಮ್ಮತ್ತೆಯವರ ಕಾನೂನು. ಗಂಡಸಿ ಹೋಬಳಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನಾನು ಒದ್ದೆ ಸೆರಗಿನಲ್ಲಿ ಏಣಿಯ ಎರಡು ಮೆಟ್ಟಿಲು ಹತ್ತಿ, ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡಿದ್ದೆ.

ಸುಮ್ಮಸುಮ್ಮನೆ ಬೈಯುವವರಲ್ಲ ಅವರು. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ತೆಂಗಿನಕಾಯಿಯನ್ನು ಹತ್ತಿರಹತ್ತಿರ ಒಂದು ವರ್ಷ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡ ಎಂದಾಗ ಅದು ಉಂಡೆ ಕೊಬ್ಬರಿಯಾಯಿತು ಎಂದರ್ಥ. ಅಷ್ಟರೊಳಗೆ ಎಲ್ಲಿಂದಲಾದರೂ ತೇವ ತಗುಲಿದರೆ ಬೂಸ್ಟು ಹಿಡಿದು ವರ್ಷದ ಬೆಳೆಯೇ ಹೋಗುತ್ತದೆ. ಹಾಗಾಗಿ ಹಳೆಯ ಕೊಬ್ಬರಿ ಇಳಿಸಿ ಹೊಸ ಕಾಯಿ ಏರಿಸುವ ಮುನ್ನ ಅಟ್ಟವನ್ನು ಒಣ ಪೊರಕೆಯಲ್ಲೇ ಗುಡಿಸುವುದು ಪದ್ಧತಿ. ಮನೆಯ ಅಂಗಳಕ್ಕೆ ದಿನಾ ನೀರು ಹಾಕಿ ಗುಡಿಸುವ ನಾವು ಅಟ್ಟಕ್ಕೆ ಮಾತ್ರ ಒಂದು ಹನಿ ತೋರಿಸಿದವರಲ್ಲ.

ಅತ್ತೆಯವರ ಇನ್ನೊಂದು ಕಾನೂನು, ನಮ್ಮ ಅಟ್ಟದಲ್ಲಿ ಇಲಿ ಇಲ್ಲ ಎಂಬುದು. ಇಲಿಗಳಿಗೆ ಪಾಪ ಅದು ಗೊತ್ತಿರಲಿಲ್ಲ. ತೋಟದ ಕಡೆಯಿಂದ ಸೂರಿನ ಸಂದಿಯಲ್ಲಿ ನುಗ್ಗಿ, ಸಿಪ್ಪೆಯ ನಾರು ಕಿತ್ತು ಗೂಡು ಮಾಡಿಕೊಂಡು, ಮಕ್ಕಳು ಮೊಮ್ಮಕ್ಕಳ ಸಮೇತ ಹಾಯಾಗಿ ಸಂಸಾರ ಮಾಡಿಕೊಂಡಿದ್ದವು. ಪ್ರತಿ ವರ್ಷ ಅರಸೀಕೆರೆಯ ಮಂಡಿ ಸಾಹುಕಾರರು ಕೊಬ್ಬರಿ ನೋಡಲು ಬಂದಾಗ, "ಇಲಿ ಗಿಲಿ ಕಾಟ ಇಲ್ಲ ತಾನೇ ಅಮ್ಮಾ?" ಎಂದು ಕೇಳುವರು. "ನಮ್ ಅಟ್ಟದಾಗೆ ಇಲಿನಾ? ಚೆನ್ನಾಗ್ ಕೇಳಿದ್ರಿ!" ಎಂದು ಅತ್ತೆ ನಗುವರು. ಇಲಿ ಓಡಾಡಿದ ಕೊಬ್ಬರಿ ಎಂದು ಒಮ್ಮೆ ಹೆಸರು ಕೆಟ್ಟರೆ ಮಂಡಿಯಲ್ಲಿ ತಲೆ ಎತ್ತುವಂತಿಲ್ಲ. ನಾನೂ ಪಕ್ಕದಲ್ಲಿ ನಿಂತು ವರ್ಷವರ್ಷವೂ ಹೂಂಗುಟ್ಟಿದವಳೇ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಟ್ಟ ಖಾಲಿಯಾದಾಗ ನಮ್ಮವರು ಎರಡು ದಿನ ಕೂತು ಗುಡಿಸಿದರು. ಅಂಗಳದಲ್ಲಿ ನಾನು ಹಪ್ಪಳ ಒಣಹಾಕಿದ್ದೆ. "ಧೂಳೆಲ್ಲಾ ಹಪ್ಪಳದ ಮೇಲೆ ಬೀಳ್ತೈತೆ, ಕಿಟಕಿ ಮುಚ್ಕೊಂಡ್ ಗುಡಿಸ್ರೀ" ಎಂದು ಕೂಗಿದೆ. ಅವರು ಮುಚ್ಚಿಕೊಂಡರು. ಇಳಿದು ಬಂದಾಗ ರಾಗಿ ಮಿಲ್ಲಿನಲ್ಲಿ ಕೆಲಸ ಮಾಡುವವರ ಹಾಗೆ ರೆಪ್ಪೆಯ ಮೇಲೂ ಧೂಳು. ಅವರನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ವಾರ ಕಳೆದಿರಬೇಕು, ಅವರಿಗೆ ಜ್ವರ ಬಂತು. ಕಣ್ಣು ಕೆಂಪಾಗಿ, ಸೊಂಟ ಮುರಿದುಹೋಗುವಷ್ಟು ನೋವು. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿ ಮೂರು ದಿನ ತಳ್ಳಿದರು. ನಾಲ್ಕನೆಯ ದಿನ ಅರಸೀಕೆರೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್‌ಲೆಟ್ ಇಳಿದಿದೆ, ಡೆಂಗ್ಯೂ ಇರಬಹುದು ಎಂದರು. ಪರೀಕ್ಷೆಯಲ್ಲಿ ಅದಲ್ಲ ಎಂದು ಬಂತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಮಂಚದ ಪಕ್ಕದಲ್ಲೇ ನಿಂತು ಕೇಳಿದರು: "ಮನೇಲಿ, ತೋಟದಲ್ಲಿ ಇಲಿಗಳಿದಾವಾ? ಈಚೆಗೆ ಗೋಡೌನು, ಅಟ್ಟ ಏನಾದ್ರೂ ಕ್ಲೀನ್ ಮಾಡಿದ್ರಾ?"

"ಇಲ್ಲ ಕಣವ್ವ, ನಮ್ಮನೇಲಿ ಇಲಿ ಇಲ್ಲ" ಎಂದರು ಅತ್ತೆ.

ಯಾಕೆ ಹಾಗೆಂದರು ಎಂದು ನನಗೆ ಗೊತ್ತಿತ್ತು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ಅದೇ ಮಂಡಿಯ ಹಮಾಲಿ. ಅವನು ನಮ್ಮ ಕಡೆಗೇ ಕಿವಿ ಕೊಟ್ಟಿದ್ದ. ನಮ್ಮವರಿಗೆ ಮಾತಾಡುವ ತ್ರಾಣವಿರಲಿಲ್ಲ. ನಾನು ಬಾಯಿ ತೆರೆದೆ, ಅತ್ತೆಯ ಮುಖ ನೋಡಿ ಮುಚ್ಚಿದೆ. ಡಾಕ್ಟರಮ್ಮ ಬರೆದುಕೊಂಡು ಹೋದರು.

ಮಾರನೆಯ ದಿನ ಬೆಳಿಗ್ಗೆ ನಮ್ಮವರ ಮುಖ ಊದಿತ್ತು. ಬಾಟಲಿ ಬಾಟಲಿ ಡ್ರಿಪ್ ಏರಿದರೂ ಮೂತ್ರ ಒಂದು ಲೋಟದಷ್ಟೂ ಬಂದಿರಲಿಲ್ಲ. ಡಾಕ್ಟರಮ್ಮ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರು. ಅತ್ತೆ ಮತ್ತೆ "ಇಲ್ಲ" ಎನ್ನುವಷ್ಟರಲ್ಲಿ ನನಗೆ ಎಲ್ಲಿತ್ತೋ ರೋಷ, ವಾರ್ಡಿಗೆಲ್ಲ ಕೇಳುವಂತೆ ಕಿರುಚಿದೆ: "ಅವೆ ಮೇಡಂ! ಅಟ್ಟದ ತುಂಬಾ ಇಲಿಗಳವೆ! ಅವುಗಳ ಗೂಡು, ಹಿಕ್ಕೆ ಎಲ್ಲಾ ಇವರೇ ಗುಡಿಸಿದ್ದು, ಎರಡು ದಿನ, ಕಿಟಕಿ ಮುಚ್ಕೊಂಡು!"

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನು ಸುಟ್ಟುಹೋಗಬೇಕಿತ್ತು. ಡಾಕ್ಟರಮ್ಮ ಮಾತ್ರ "ಇದನ್ನ ನಿನ್ನೇನೇ ಹೇಳಬಾರದಿತ್ತೇನಮ್ಮಾ?" ಎಂದು ಗದರಿ, ನರ್ಸಿಗೆ ಡ್ರಿಪ್ ನಿಲ್ಲಿಸಲು ಹೇಳಿದರು. ನೋವಿನ ಮಾತ್ರೆ ಯಾವುದೂ ಬೇಡ ಎಂದರು. ಇಲಿ ಜ್ವರವೋ ಇಲಿಯಿಂದ ಬರುವ ಬೇರೆ ವೈರಸ್ಸೋ ಇರಬಹುದು, ಕಿಡ್ನಿ ಕೈಕೊಡುತ್ತಿದೆ, ಈಗಲೇ ಹಾಸನಕ್ಕೆ ಹೊರಡಿ ಎಂದು ಆಂಬುಲೆನ್ಸ್ ಹತ್ತಿಸಿದರು. ದಾರಿಯುದ್ದಕ್ಕೂ ಅತ್ತೆ ಮಗನ ಪಾದ ಹಿಡಿದುಕೊಂಡು ಕೂತಿದ್ದರು. "ಕೊಬ್ಬರಿ ಮುಖ ನೋಡ್ದೆ ಕಣೇ, ಮಗನ್ ಮುಖ ನೋಡ್ಲಿಲ್ಲ" ಎಂದು ಅತ್ತರು. ಸಮಾಧಾನ ಹೇಳಬೇಕಿತ್ತು. ನನಗೆ ಅವರ ಮೇಲೆ ಕೋಪವಿತ್ತು, ಹಪ್ಪಳಕ್ಕಾಗಿ ಕಿಟಕಿ ಮುಚ್ಚಿಸಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಹಾಸನದಲ್ಲಿ ಎರಡು ಸಲ ಡಯಾಲಿಸಿಸ್ ಮಾಡಿದರು. ವೈರಸ್ಸಾಗಿದ್ದರೆ ಅದಕ್ಕೆಂದೇ ಔಷಧಿ ಇಲ್ಲ, ದೇಹವನ್ನು ಕಾಪಾಡಿಕೊಂಡು ಕಾಯಬೇಕು ಎಂದರು. ನನ್ನ ಕೈಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು ಕೊಟ್ಟು, ಮೂತ್ರ ಎಷ್ಟು ಬಂತೆಂದು ನೋಡಿ ಹೇಳುವ ಕೆಲಸ ವಹಿಸಿದರು. ಒಂದು ದಿನ ಜಗ್ಗಿನ ತಳ ಒದ್ದೆಯಾಯಿತು, ಅಷ್ಟೇ. ಮರುದಿನವೂ ಹಾಗೇ. ದೇವರ ಪಟದ ಮುಂದೆ ಕೂಡ ನಾನು ಅಷ್ಟು ಭಕ್ತಿಯಿಂದ ನಿಂತವಳಲ್ಲ, ಆ ಜಗ್ಗಿನ ಮುಂದೆ ನಿಂತೆ. ನಾಲ್ಕನೆಯ ದಿನ ಮಧ್ಯಾಹ್ನ ಅರ್ಧ ಜಗ್ಗು ತುಂಬಿತು. ಸಂಜೆಯೊಳಗೆ ಇನ್ನೊಂದು, ಮತ್ತೊಂದು! ಕಿಡ್ನಿ ಚೇತರಿಸಿಕೊಳ್ಳುವಾಗ ಹೀಗೇ ಹರಿಯುತ್ತದಂತೆ. "ಬಂತು ಕಣ್ರೀ, ನನ್ ಮಗಂಗೆ ಬಂತು!" ಎಂದು ಅತ್ತೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಗುರುತಿಲ್ಲದವರನ್ನೆಲ್ಲ ಹಿಡಿದು ಹೇಳಿದರು. ಏನು ಬಂತೆಂದು ಅವರು ಕೇಳಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ನಾನೇ ಹೋಗಿ ಮೈಸೂರುಪಾಕು ತಂದು ಇಡೀ ವಾರ್ಡಿಗೆ ಹಂಚಿದೆ.

ದೂರದ ದೊಡ್ಡ ಲ್ಯಾಬಿಗೆ ಕಳಿಸಿದ್ದ ರಕ್ತದ ವರದಿ ನಾವು ಮನೆಗೆ ಬಂದ ಮೇಲೆ ಬಂತು. ಹಂಟಾ ವೈರಸ್. ನಾನೂ ಅತ್ತೆಯೂ ಅದನ್ನು ತೋರಿಸಲು ಹೋದಾಗ ಅರಸೀಕೆರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದನ್ನು ಹೊತ್ತ ಇಲಿಗೆ ಏನೂ ಆಗಿರುವುದಿಲ್ಲ, ಚೆನ್ನಾಗೇ ಓಡಾಡಿಕೊಂಡಿರುತ್ತದೆ. ಅದರ ಮೂತ್ರ, ಹಿಕ್ಕೆ ಒಣಗಿ ಧೂಳಿನ ಜೊತೆ ಎದ್ದಾಗ ಉಸಿರಿನಲ್ಲಿ ನಮ್ಮೊಳಗೆ ಹೋಗುತ್ತದೆ. "ಒಣಗಿದ್ದನ್ನ ಗುಡಿಸಬೇಡಿ. ಬಾಗಿಲು ಕಿಟಕಿ ತೆಗೆದಿಟ್ಟು, ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ನೆನೆಸಿ, ಒರೆಸಿ ತೆಗೀರಿ" ಎಂದರು.

ನೀರು! ನಮ್ಮ ಅಟ್ಟಕ್ಕೆ! ನಾನು ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ, ಮನಸ್ಸಿನಲ್ಲೇ ಜಗಳಕ್ಕೆ ಸೆರಗು ಕಟ್ಟಿದೆ.

ಜಗಳ ಆಗಲೇ ಇಲ್ಲ. ಹೊಸ ಕಾಯಿ ಇನ್ನೂ ಅಂಗಳದಲ್ಲೇ ರಾಶಿ ಬಿದ್ದಿತ್ತು. ಮರುದಿನ ಬೆಳಿಗ್ಗೆ ನಾನು ಬಾಯಿಗೆ ಮಾಸ್ಕು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು ಹೊರಬರುವಷ್ಟರಲ್ಲಿ, ಏಣಿಯ ಬುಡದಲ್ಲಿ ಅತ್ತೆ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. "ತೇವ ಆರೋವರ್ಗೂ ಕಾಯಿ ಏರ್ಸದ್ ಬ್ಯಾಡ. ಬಿಸ್ಲು ಐತಲ್ಲ, ಆರ್ತೈತೆ" ಎಂದರು. ಕಿಟಕಿಗಳನ್ನು ತೆರೆದಿಟ್ಟು ಕಾದು, ಪೌಡರ್ ನೀರು ಚಿಮುಕಿಸಿ ನೆನೆಸಿ, ಹಳೆಯ ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆ. ಅಷ್ಟರೊಳಗೆ ಇಲಿಗಳು ಮತ್ತೆ ಕಟ್ಟಿಕೊಂಡಿದ್ದ ಗೂಡುಗಳನ್ನೆಲ್ಲ ಆಳವಾಗಿ ಹೂತೆವು. ಸೂರಿನ ಸಂದಿಗಳಿಗೆ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಸಿದೆವು. ಹತ್ತು ದಿನ ಬಿಸಿಲು ಗಾಳಿ ಆಡಿದ ಮೇಲೆ ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೆ ಕೆನ್ನೆಯಿಟ್ಟು ನೋಡಿ ಅತ್ತೆ ಒಪ್ಪಿಗೆ ಕೊಟ್ಟರು. ಒಪ್ಪಿಗೆ ಕೊಟ್ಟರೇ ಹೊರತು ಧೈರ್ಯ ಬಂದಿರಲಿಲ್ಲ. ವರ್ಷವಿಡೀ ವಾರಕ್ಕೊಮ್ಮೆ ಹತ್ತಿ ಬೂಸ್ಟಿನ ವಾಸನೆ ಹುಡುಕುತ್ತಿದ್ದರು.

ಮರುವರ್ಷ ಕೊಬ್ಬರಿ ಇಳಿಸುವ ದಿನ ಸಾಹುಕಾರರು ಬಂದರು. ನಮ್ಮವರೇ ಅಟ್ಟ ಹತ್ತಿ ಕಾಯಿ ಇಳಿಸುತ್ತಿದ್ದರು, ಮೂಗಿಗೆ ಮಾಸ್ಕು ಕಟ್ಟಿಕೊಂಡು. ಸಾಹುಕಾರರು ಒಂದು ಕೊಬ್ಬರಿ ಒಡೆದು ನೋಡಿದರು. ಒಳಗೆ ಅಚ್ಚ ಬಿಳುಪು. ಇನ್ನೊಂದು ಒಡೆದರು, ಅದೂ ಹಾಗೇ. ನನಗೆ ಕುಣಿಯಬೇಕೆನ್ನಿಸಿತು. ಅವರು ಅಭ್ಯಾಸಬಲದಿಂದ ಕೇಳಿದರು: "ಇಲಿ ಗಿಲಿ ಕಾಟ ಇಲ್ಲ ತಾನೇ ಅಮ್ಮಾ?"

ಅತ್ತೆ ನೆಟ್ಟಗೆ ನಿಂತರು. "ಇದ್ವು ಸಾಹುಕಾರ್ರೇ. ಒಂದೆರಡಲ್ಲ, ಅಟ್ಟದ್ ತುಂಬಾ ಇದ್ವು. ನಿಮ್ಗೆ ಸುಳ್ಳು ಹೇಳ್ಕೊಂಡೇ ಬಂದೆ. ಡಾಕ್ಟ್ರಿಗೂ ಅದೇ ಸುಳ್ಳು ಹೇಳ್ದೆ, ನನ್ ಮಗನ್ ಜೀವಕ್ಕೇ ಬಂತು. ಈಗ ಬ್ಲೀಚಿಂಗ್ ಪೌಡರ್ ನೀರ್ ಹಾಕಿ ತೊಳ್ದಿವ್ನಿ. ಬೇಕಾದ್ರೆ ತಗಳಿ, ಬ್ಯಾಡ್ದಿದ್ರೆ ಬಿಡಿ. ನಿಮ್ ಮಂಡಿನಾಗೆ ಎಷ್ಟವೆ?"

ಸಾಹುಕಾರರು ಕೈಯಲ್ಲಿದ್ದ ಹೋಳನ್ನು ಕೆಳಗಿಟ್ಟರು. "ಅವೆ ಅಮ್ಮಾ, ಬೇಕಾದಷ್ಟವೆ" ಎಂದು ತಗ್ಗಿದ ದನಿಯಲ್ಲಿ ಹೇಳಿ, "ಆ ಪೌಡರ್ ನೀರು ಹೆಂಗ್ ಹಾಕಿದ್ರಿ?" ಎಂದು ನನ್ನನ್ನು ಕೇಳಿದರು. ಕೊಬ್ಬರಿಯನ್ನು ಪೂರ್ತಿ ಅವರೇ ತೆಗೆದುಕೊಂಡರು.

ಅಷ್ಟರಲ್ಲಿ ಮೇಲಿಂದ ನಮ್ಮವರು ಕೂಗಿದರು: "ಅವ್ವಾ, ಬಾಯಾರೈತೆ, ಇಳ್ದು ಬತ್ತೀನಿ."

"ಇಳೀಬ್ಯಾಡ ಇರ್ಲಾ" ಎಂದರು ಅತ್ತೆ. ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದು, ಒಂದು ಕೈಯಲ್ಲಿ ಏಣಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನೀರು ತುಳುಕಿಸುತ್ತ ಅಟ್ಟ ಹತ್ತಿದರು.