ಕೌಲಿ ಬಿದ್ದ ಬೆಳಗು

೧೯೯೩ರ ಜೂನ್‌ನಲ್ಲಿ ಹೆಗ್ಗರಣೆಯ ಶಾಲೆಗೆ ವರ್ಗವಾಗಿ ಬಂದ ಮಾಸ್ತರರು ಬಸ್ಸಿನಿಂದ ಟ್ರಂಕು ಇಳಿಸಿಕೊಳ್ಳುತ್ತಿದ್ದಾಗ ಅವರನ್ನು ಮೊದಲು ಮಾತನಾಡಿಸಿದವಳು ದುರ್ಗಿ. ಆಕಳ ಹಗ್ಗ ಹಿಡಿದು ನಿಂತಿದ್ದ ಅವಳು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ; ಹಾಲು ಎಷ್ಟು ಬೇಕಾದೀತು ಎಂದಷ್ಟೇ ಕೇಳಿದಳು. ನೆರೆಮನೆಯ ಗಣಪನಿಗೆ ಮೊದಲಿನಿಂದಲೂ ಕೊಡುತ್ತಿದ್ದಂತೆ ಮರುದಿನದಿಂದ ಮಾಸ್ತರರ ಮನೆಗೂ ಅವಳದೇ ಹಾಲು.

ಹತ್ತಾರು ವರ್ಷ ಕಳೆದವು. ಉಂಚಳ್ಳಿ ಜಲಪಾತ ನೋಡಲು ಬರುವವರು ಹೆಚ್ಚಿದರು. ಆ ದಾರಿಯಲ್ಲಿ ಶಾಂತಾರಾಮ ಎಂಬವನು ಅನಾನಸು, ನೇರಳೆ ಹಣ್ಣುಗಳಿಂದ ವೈನ್ ಮಾಡುವ ಶೆಡ್ಡು ಹಾಕಿದ. ಜಲಪಾತ ನೋಡಿ ಬಂದವರು ಅಲ್ಲಿ ಒಂದು ಗುಟುಕು ರುಚಿ ನೋಡಿ ಬಾಟಲಿ ಕೊಳ್ಳುತ್ತಿದ್ದರು. ಹಣ್ಣು ಹೆಚ್ಚುವ, ಬಾಟಲಿ ತೊಳೆಯುವ ಕೆಲಸ ದುರ್ಗಿಗೆ ಸಿಕ್ಕಿತು.

ವೈನ್ ಸೋಸಿ ಉಳಿದ ಚರಟವನ್ನು ಅಲ್ಲಿ ಗುಂಡಿಗೆ ಸುರಿಯುತ್ತಿದ್ದರು. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಅಕ್ಕಚ್ಚಿನ ಬಾನಿಗೆ ಹಾಕಿ ಆಕಳಿಗೆ ಕುಡಿಸುವ ಹೆಂಗಸಿಗೆ ಅದನ್ನು ನೋಡಲಾಗಲಿಲ್ಲ. ಅಮಲೆಲ್ಲ ಬಾಟಲಿಗೆ ಹೋಯಿತು, ಉಳಿದದ್ದು ಬರೀ ಹಣ್ಣಿನ ನಾರು ಎಂದುಕೊಂಡಳು. ಒಂದು ಸಂಜೆ ಬುಟ್ಟಿ ತುಂಬ ತಂದು ತನ್ನ ಆಕಳು ಕೌಲಿಯ ಅಕ್ಕಚ್ಚಿಗೆ ಕಲಸಿದಳು. ಕೌಲಿ ಬಾನಿಯ ತಳ ನೆಕ್ಕಿತು.

ಅದೇ ದಿನ ಮಧ್ಯಾಹ್ನ ಕೌಲಿ ಗಣಪನ ಬೇಲಿ ಮುರಿದು ಅಲಸಂಡೆ ಬಳ್ಳಿ ತಿಂದಿತ್ತು. ಇನ್ನೊಮ್ಮೆ ಬಂದರೆ ಅದು ನಡೆದು ವಾಪಸು ಹೋಗುವುದಿಲ್ಲ ಎಂದು ಅವನು ಸಿಟ್ಟಿನಲ್ಲಿ ಅಂದಿದ್ದ.

ಮರುದಿನ ಬೆಳಗ್ಗೆ ದುರ್ಗಿ ಕೊಟ್ಟಿಗೆಗೆ ಹೋದಾಗ ಕೌಲಿ ಕಾಲು ಚೆಲ್ಲಿ ಬಿದ್ದಿತ್ತು. ಬಾಯಲ್ಲಿ ಜೊಲ್ಲು, ಕಣ್ಣು ಮೇಲೆ. ಕರು ಒಂದೇ ಸಮನೆ ಕೂಗುತ್ತಿತ್ತು. ಅವಳು ಹಿಂದುಮುಂದು ನೋಡದೆ ಗಣಪನ ಅಂಗಳಕ್ಕೆ ನುಗ್ಗಿ ನಾಲ್ಕು ಜನರೆದುರು ಕೇಳಿದಳು:

“ಮೂಕಪ್ರಾಣಿಗೆ ವಿಷ ಹಾಕೂಕೆ ನಿಂಗೆ ಕೈ ಹೆಂಗೆ ಬಂತು ಗಣಪಣ್ಣ?”

ಗಣಪ ಗುರುತಿಲ್ಲದವಳನ್ನು ನೋಡುವಂತೆ ಅವಳನ್ನು ನೋಡಿ, ಸೈಕಲ್ಲು ಹತ್ತಿ ಹೊರಟುಬಿಟ್ಟ. ತಪ್ಪಿತಸ್ಥ, ಓಡಿದ ಎಂದುಕೊಂಡಳು ದುರ್ಗಿ.

ಅವನು ಮರಳಿ ಬಂದದ್ದು ದನದ ಡಾಕ್ಟರ್ ಶಿವಲಿಂಗಪ್ಪನವರೊಂದಿಗೆ. ಹಾವೇರಿ ಕಡೆಯ ಆ ಡಾಕ್ಟರು ಕೌಲಿಯ ಹೊಟ್ಟೆ ಒತ್ತಿದರು, ಬಾಯಿ ಮೂಸಿದರು, ಬಾನಿಯನ್ನೂ ಮೂಸಿದರು.

“ಯಾರೂ ವಿಷ ಹಾಕಿಲ್ಲ ಯವ್ವಾ. ನಿನ್ನ ಆಕಳ ಕುಡದು ಬಿದ್ದೈತಿ.”

ನೆರೆದವರು ನಕ್ಕರು. ದುರ್ಗಿ ಬಾನಿಯತ್ತ ತಿರುಗಿದಳು. ಚರಟದಲ್ಲೂ ಅಮಲು ಉಳಿದಿರುತ್ತದೆ, ಇನ್ನೆರಡು ಬೊಗಸೆ ತಿಂದಿದ್ದರೆ ಜೀವ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು. ವಿಷ ಉಣಿಸಿದ ಕೈ ತನ್ನದೇ!

ಔಷಧ ಹೊಯ್ಯುವಾಗ ಕೌಲಿಯ ತಲೆಯನ್ನು ಎತ್ತಿ ಹಿಡಿದವನೂ ಗಣಪನೇ. ಸಂಜೆ ಅದು ಎದ್ದು ನಿಂತ ಮೇಲೆ ಕೈ ಒರೆಸಿಕೊಳ್ಳುತ್ತ ಅವನು ಮೆಲ್ಲಗೆ ಅಂದ:

“ಬೈದಿದ್ದಕ್ಕೆ ಬೇಜಾರಿಲ್ಲ ತಂಗಿ. ನಾ ಹಂಗೆ ಮಾಡುವವ ಅಂತ ನಿಂಗೆ ಅನ್ನಿಸ್ತಲ್ಲ.”

ಮರುದಿನದಿಂದ ಅವನ ಮನೆಯವರು ಬೇರೆ ಕಡೆಯಿಂದ ಹಾಲು ತಂದರು. ಬೇಸಿಗೆ ಮುಗಿಯುವವರೆಗೂ ಹಾಗೇ ನಡೆಯಿತು. ಮಳೆಗಾಲ ಹತ್ತಿರವಾದಾಗ ಒಂದು ಬೆಳಗ್ಗೆ ದುರ್ಗಿ ಗೂಟದ ಹೊರೆ ಹೊತ್ತು ಹೋಗಿ, ಯಾರನ್ನೂ ಕೇಳದೆ ಅವನ ಬೇಲಿ ಕಟ್ಟತೊಡಗಿದಳು. ಗಣಪ ಬೇಡವೆನ್ನಲಿಲ್ಲ.

ಈಗಲೂ ಅವಳು ಶೆಡ್ಡಿಗೆ ಹೋಗುತ್ತಾಳೆ. ಚರಟವನ್ನು ಗುಂಡಿಗೆ ಹಾಕಿ ತಾನೇ ಮಣ್ಣು ಮುಚ್ಚುತ್ತಾಳೆ. ವರ್ಷ ವರ್ಷವೂ ಗಣಪನ ಬೇಲಿ ಕಟ್ಟುವವಳೂ ಅವಳೇ. ಅವನು ಜಗುಲಿಯಲ್ಲಿ ಕುಳಿತು, ಅವಳು ತಂದ ಹಾಲಿನ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದು, “ಇದು ಬರೀ ಹಾಲೇ ಹೌದಾ ಮಾರಾಯ್ತಿ?” ಎನ್ನುತ್ತಾನೆ. ದುರ್ಗಿ ಸಡಿಲವಿಲ್ಲದ ಗೂಟಕ್ಕೂ ಇನ್ನೊಂದು ಏಟು ಬಡಿಯುತ್ತಾಳೆ.